ಹೊಟ್ಟೆ ಮಾತಾಡಬಾರದು

ಅವನ ಎರಡೂ ಕಿವಿಯಲ್ಲಿ ನೂಲಿನ ಉಂಡೆ ಇರುತ್ತಿತ್ತು. ಮಗ್ಗದ ಕೆಳಗೆ ಬೀಳುವ ತುಂಡು ನೂಲು ಆರಿಸಿ, ಅಂಗೈಯಲ್ಲಿ ಉರುಟು ಮಾಡಿ, ಗಟ್ಟಿಯಾಗಿ ತುರುಕಿಕೊಳ್ಳುತ್ತಿದ್ದ. ಓಣಿಯ ಮಗ್ಗಗಳ ಮೇಲೆ ಕೆಂಪು ಸೀರೆ ನಡೆದಿದ್ದರೆ ಕೆಂಪು ಉಂಡೆ, ಹಸಿರು ನಡೆದಿದ್ದರೆ ಹಸಿರು. ಜರಿ ಸೀರೆ ನೇಯುವ ದಿನಗಳಲ್ಲಿ ಅವನ ಕಿವಿಯೂ ಮಿಂಚುತ್ತಿತ್ತು. ಕಿವಿಯೋ ಮೊರದಷ್ಟು ಅಗಲ. ಹೊಸದಾಗಿ ನೋಡಿದವರು ಇವನೇನು ಕಿವಿಯಲ್ಲಿ ಹೂವು ಇಟ್ಟುಕೊಂಡಾನ ಅಂತ ನಗುತ್ತಿದ್ದರು.

ಬನಹಟ್ಟಿಯಲ್ಲಿ ನಮ್ಮ ಗೋಡೆಗೆ ಹತ್ತಿದ್ದೇ ಅವನ ಗೋಡೆ. ಎಲ್ಲರೂ ಅವನನ್ನು ಮೈಕಿನವ ಅಂತಲೇ ಕರೆಯುತ್ತಿದ್ದರು. ಮದುವೆ, ಪ್ರವಚನ, ಸಾಲಿ ಗ್ಯಾದರಿಂಗು, ಪಾರ್ಟಿಯವರ ಭಾಷಣ, ಎಲ್ಲಕ್ಕೂ ಬಾಕ್ಸು ಒಯ್ದು ಹಚ್ಚುವುದು ಅವನ ದಂಧೆ. ಜಮಖಂಡಿ, ಮುಧೋಳ, ಬೀಳಗಿ, ಹಿಪ್ಪರಗಿ, ಕರೆದಲ್ಲಿಗೆ ಹೋಗುತ್ತಿದ್ದ. ಅವನ ಅವ್ವ ಹಾಸು ಕೆಚ್ಚುವವಳು. ಅಂದರೆ ಮಗ್ಗದ ಮೇಲೆ ಹಳೆಯ ಹಾಸು ತೀರಿದಾಗ ಅದರ ಒಂದೊಂದು ಎಳೆಗೂ ಹೊಸ ಹಾಸಿನ ಎಳೆ ಕೂಡಿಸಿ ಹೊಸೆಯುವುದು. ಎಲ್ಲಿ ಕೂಡಿತು ಅಂತ ಬಟ್ಟೆ ನೋಡಿದವರಿಗೆ ಗೊತ್ತಾಗಬಾರದು. ನಾನೂ ಅವನ ಅವ್ವನ ಜೊತೆ ಕೂತು ಕೆಚ್ಚಿದವಳು. ಅದಕ್ಕೇ ಅವನಿಗೆ ನಾನು ಚಿಗವ್ವ.

ನಮ್ಮ ಊರಿನ ಸಪ್ಪಳ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಮನೆಮನೆಯಲ್ಲಿ ಪಾವರ್‌ಲೂಮು. ಬೆಳಗಿಂದ ಖಟಕ್ ಖಟಕ್ ಖಟಕ್. ಮಗ್ಗದ ಮುಂದೆ ನಿಂತವರಿಗೆ ಪಕ್ಕದವರು ಕೂಗಿದರೂ ಕೇಳುವುದಿಲ್ಲ. ಅದಕ್ಕೆ ನಾವು ತುಟಿ ನೋಡಿ ಮಾತು ತಿಳಿಯುತ್ತೇವೆ. ಯಾರೂ ಕಲಿಸಿದ್ದಲ್ಲ, ತಾನೇ ಬರುತ್ತದೆ. ಹೊರಗಿನಿಂದ ಬಂದ ಸೊಸೆಯಂದಿರು ಮೊದಲಿಗೆ ಇವರೆಲ್ಲ ಯಾಕೆ ಹೀಗೆ ಬಾಯಿ ನೋಡುತ್ತ ನಿಲ್ಲುತ್ತಾರೆ ಅಂತ ಹೆದರುತ್ತಾರೆ. ಆಮೇಲೆ ಅವರೂ ನಿಲ್ಲುತ್ತಾರೆ.

ನಾನು ಮದುವೆಯಾಗಿ ಬಂದಾಗಿನಿಂದ ಆ ಸಪ್ಪಳದಲ್ಲೇ ಇದ್ದವಳು. ಕಿವಿ ಅರ್ಧ ಹೋಗಿದ್ದು ಯಾವಾಗ ಅಂತ ನನಗೇ ಗೊತ್ತಿಲ್ಲ. ಶ್ರಾವಣದಲ್ಲಿ ಮಠದ ಪ್ರವಚನಕ್ಕೆ ಹೋಗುತ್ತಿದ್ದೆ. ಕೆಲಸ ಮುಗಿಸಿ ಹೋಗುವುದರೊಳಗೆ ಮುಂದೆ ಜಾಗ ಇರುತ್ತಿರಲಿಲ್ಲ. ಹಿಂದಿನ ಸಾಲಿನಿಂದ ಸ್ವಾಮಿಗಳ ತುಟಿ ಕಾಣುವುದಿಲ್ಲ. ಕಂಬಕ್ಕೆ ಕಟ್ಟಿದ ಭೋಂಗಾದ ಅಗಲ ಬಾಯಿಯೊಳಗಿಂದ ಬರುವ ಮಾತು ನನಗೆ ತಗಡು ಬಡಿದಂತೆ ಕೇಳುತ್ತಿತ್ತು. ಮಂದಿ ಕೈ ಮುಗಿದಾಗ ಮುಗಿಯುತ್ತಿದ್ದೆ, ನಕ್ಕಾಗ ನಗುತ್ತಿದ್ದೆ. ಹಾಗೇ ಎಷ್ಟೋ ಶ್ರಾವಣ ಹೋದವು.

ಅವನು ಭೋಂಗಾ ಬಿಟ್ಟು ಹೊಸ ಬಾಕ್ಸು ತಂದ ವರ್ಷ ಅದು ಬದಲಾಯಿತು. ದಪ್ಪ ಸಪ್ಪಳದ ಎರಡು ದೊಡ್ಡ ಬಾಸ್ ಬಾಕ್ಸು ನೆಲಕ್ಕೆ, ಎರಡು ಸಣ್ಣವು ಕಂಬದ ಮೇಲೆ. ನಡುವೆ ತಿರುಗುಣಿ ಇರುವ ಒಂದು ಕರಿ ಡಬ್ಬಿ, ಕ್ರಾಸ್‌ಓವರ್ ಅನ್ನುತ್ತಿದ್ದ. ಕರೆಂಟು ಹೋಯಿತೆಂದರೆ ಊರಿನ ಮಗ್ಗವೆಲ್ಲ ಒಮ್ಮೆಲೇ ನಿಲ್ಲುತ್ತಿದ್ದವು. ನಾವೆಲ್ಲ ಕರೆಂಟಿನವರಿಗೆ ಬೈಯುತ್ತ ಹೊರಗೆ ಬಂದರೆ ಅವನು ಬ್ಯಾಟರಿ ಹೊತ್ತುಕೊಂಡು ಮಠಕ್ಕೆ ಓಡುತ್ತಿದ್ದ. ಓಡುತ್ತಲೇ ಕಿವಿಯೊಳಗಿನ ಉಂಡೆ ಕಿತ್ತು ಜೇಬಿಗೆ ಹಾಕುತ್ತಿದ್ದ. ಊರು ತಣ್ಣಗಿದ್ದಾಗಲೇ ಬಾಕ್ಸಿನ ದನಿ ಸರಿ ಮಾಡಬೇಕು, ಅವನಿಗೆ ಕಿವಿ ಬೇಕಾಗುತ್ತಿದ್ದದ್ದು ಅಷ್ಟು ಹೊತ್ತಿಗೆ. ಉಳಿದ ಹೊತ್ತೆಲ್ಲ ಮುಚ್ಚಿ ಇಟ್ಟುಕೊಳ್ಳುತ್ತಿದ್ದ, ನಾವು ಹೊಸ ಸೀರೆ ಟ್ರಂಕಿನಲ್ಲಿ ಇಟ್ಟ ಹಾಗೆ.

ಹೊಸ ಬಾಕ್ಸು ಮೊದಲ ಸಲ ಹಚ್ಚಿದ ದಿನ ನಾನು ಮಠದ ಅಂಗಳ ಗುಡಿಸಲು ಹೋಗಿದ್ದೆ. ಹಿಂದಿನ ಗೋಡೆಯ ಹತ್ತಿರ ನನ್ನನ್ನು ಹಿಡಿದು ಕೂರಿಸಿದ.

"ಚಿಗವ್ವಾ, ಇಲ್ಲೇ ಕುಂದ್ರು. ಏಳಬ್ಯಾಡ."

"ಕಸಾ ಯಾರ ಹೊಡೀಬೇಕೋ, ನಿಮ್ಮಪ್ಪ?"

"ಅಪ್ಪ ಮ್ಯಾಲಿಂದ ಬಂದು ಹೊಡೀತಾನ ತಗೋ, ನೀ ಕುಂದ್ರು."

ಮುಂದೆ ಹೋಗಿ ಮೈಕು ಹಿಡಿದು, ನನ್ನ ಕಡೆ ಬೆನ್ನು ತಿರುಗಿಸಿ ಏನೋ ಅಂದ. ಆಮೇಲೆ ತಿರುಗಿ ಕೇಳಿದ: "ಚಿಗವ್ವಾ, ನಾ ಏನ ಅಂದ್ನಿ?"

"ಏನೋ ಗುಂಯ್ ಅಂತು."

"ಗುಂಯ್ ಅಂತ ನಾ ಅಂದಿಲ್ಲ."

ಡಬ್ಬಿಯ ತಿರುಗುಣಿ ಒಂದಿಷ್ಟು ತಿರುವಿದ. ಮತ್ತೆ ಬೆನ್ನು ತಿರುಗಿಸಿ ಅಂದ.

"ಈಗ?"

"ಬದನಿಕಾಯಿ ಅಂದಂಗಾತು."

"ಬದನಿಕಾಯಿಗೆ ಏನಾತು ಅಂದ್ನಿ?"

"ಅದು ಕೇಳಲಿಲ್ಲ. ಬದನಿಕಾಯಿ ಅಷ್ಟ ಬಂತು."

ಮತ್ತೆ ತಿರುವಿದ. ಮತ್ತೆ ಅಂದ. ಈ ಸಲ ನನಗೆ ಕೇಳಿತು, ಕಿವಿಯ ಹತ್ತಿರ ಬಂದು ಹೇಳಿದ ಹಾಗೆ.

"ಹುಳಾ ಬಿದ್ದಾವ ಅಂದಿ! ಭಾಡ್ಯಾ, ನಿನ್ನೆ ನಾ ಕೊಟ್ಟ ಬದನಿಕಾಯಿ ಪಲ್ಲೇಕ್ಕ ಅಂದಿ!"

"ಹಾಂ! ಗಂಟಲಾ ಕೂಡ್ತು!" ಅಂತ ಮೈಕಿನಲ್ಲೇ ಕೂಗಿದ.

ಆಮೇಲೆ ನನ್ನ ಮನೆಯಲ್ಲಿ ರೊಟ್ಟಿ ತಿನ್ನುತ್ತ ತಿಳಿಸಿ ಹೇಳಿದ. ನೆಲದ ಮೇಲಿನ ಬಾಕ್ಸು ಹೊಟ್ಟೆಯಂತೆ. ಡೊಳ್ಳು, ತಬಲಾದ ದಪ್ಪ ಸಪ್ಪಳ ಅದರದ್ದು. ಕಂಬದ ಮೇಲಿನದು ಬಾಯಿಯಂತೆ. ಮಾತು ಅದರದ್ದು. ಯಾವ ಸಪ್ಪಳ ಕೆಳಗೆ ಹೋಗಬೇಕು, ಯಾವುದು ಮೇಲೆ ಹೋಗಬೇಕು ಅಂತ ಒಡೆದು ಕಳಿಸುವುದು ನಡುವಿನ ಡಬ್ಬಿ. ಅದು ಗಂಟಲು. ಗಂಟಲು ಮೇಲೆ ಸರಿದರೆ ಗಂಡಸರ ದನಿ ಕೆಳಗಿಳಿದು ಹೊಟ್ಟೆಯೊಳಗಿಂದ ಬರುತ್ತದೆ, ಅಕ್ಷರ ಕಲಸುತ್ತದೆ. ತೀರ ಕೆಳಗೆ ಸರಿದರೆ ಎಲ್ಲ ಭಾರ ಸಣ್ಣ ಬಾಕ್ಸಿನ ಮೇಲೆ ಬಿದ್ದು ದನಿ ಹರಿದು ಚಿಂದಿಯಾಗುತ್ತದೆ.

"ಹೊಟ್ಟಿ ಮಾತಾಡಬಾರದು ಚಿಗವ್ವಾ, ಬಾಯಿ ಗುದ್ದಬಾರದು. ಎರಡೂ ಎಲ್ಲಿ ಕೂಡ್ಯಾವ ಅಂತ ಗೊತ್ತಾಗಬಾರದು. ನೀನೂ ನಮ್ಮವ್ವನೂ ಮಾಡಿದ್ದ ಅದನ್ನ ಅಲ್ಲೇನು?"

ಅವನು ಕೂಡಿಸುವ ರೀತಿ ಹೀಗಿತ್ತು. ಮೊದಲು ಮೇಲಿನ ಬಾಕ್ಸು ಬಂದ್ ಮಾಡಿ ಬರೀ ಹೊಟ್ಟೆ ಹಚ್ಚುತ್ತಿದ್ದ. ಯಾರನ್ನಾದರೂ ಮಾತಾಡಿಸಿ, ಹೊಟ್ಟೆಯಲ್ಲಿ ಮಾತು ತಿಳಿಯದ ಹಾಗೆ ಆಗುವ ತನಕ ತಿರುಗುಣಿ ಇಳಿಸುತ್ತಿದ್ದ. ಆಮೇಲೆ ಎರಡೂ ಹಚ್ಚಿ, ಡಬ್ಬಿಯ ಹಿಂದೆ ಇದ್ದ ಒಂದು ಸಣ್ಣ ಗುಂಡಿ ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಒತ್ತುತ್ತಿದ್ದ. ಒಂದು ಕಡೆ ಒತ್ತಿದರೆ ಹೊಟ್ಟೆ ಬಾಯಿ ಎರಡೂ ಒಂದೇ ಸಲ ತಳ್ಳುತ್ತವೆ, ಇನ್ನೊಂದು ಕಡೆ ಒತ್ತಿದರೆ ಒಂದು ತಳ್ಳುವಾಗ ಇನ್ನೊಂದು ಜಗ್ಗುತ್ತದೆ, ಕೂಡಿದಲ್ಲಿ ತೂತು ಬೀಳುತ್ತದೆ ಅನ್ನುತ್ತಿದ್ದ. ಕೊನೆಗೆ ಹಿಂದಿನ ಸಾಲಿನಲ್ಲಿ ನಾನು. ಮಗ್ಗದ ಹೆಂಗಸಿಗೆ ಮಾತು ತಿಳಿದರೆ ಎಲ್ಲರಿಗೂ ತಿಳಿಯುತ್ತದೆ ಅನ್ನುವುದು ಅವನ ಲೆಕ್ಕ. ಸಪ್ಪಳ ಸಾಕೇನು ಅಂತ ಒಂದು ದಿನವೂ ಕೇಳಿದವನಲ್ಲ. ನಾ ಏನ ಅಂದ್ನಿ, ಅಷ್ಟೇ.

ಆ ಸಂಜೆ ಪ್ರವಚನ ಪೂರ್ತಿ ಕೇಳಿದೆ. ಸ್ವಾಮಿಗಳು ಏನು ಹೇಳಿದರು ಅಂತ ಮನೆಗೆ ಬಂದು ನಮ್ಮ ಮನೆಯವರಿಗೆ ಹೇಳಿದೆ, ಅದೇ ಮೊದಲ ಸಲ. ಅವರು ಹೇಳಿದ್ದರಲ್ಲಿ ಅಂಥಾದ್ದೇನೂ ಇರಲಿಲ್ಲ, ಅದು ಬೇರೆ ಮಾತು. ಆದರೆ ಮಂದಿ ನಕ್ಕಿದ್ದು ಯಾಕೆ ಅಂತ ತಿಳಿದು ನಕ್ಕೆ.

ಎಲ್ಲರಿಗೂ ಮಾತು ಬೇಕಾಗಿರುವುದಿಲ್ಲ. ವರ್ಷ ಕಳೆದಂತೆ ಡಿಜೆ ಬಂತು. ಟ್ರ್ಯಾಕ್ಟರ್ ಟ್ರೇಲರಿನ ತುಂಬ ಹೊಟ್ಟೆಗಳನ್ನೇ ಒಟ್ಟಿ ಹೊಡೆಯುವುದು. ಮುಧೋಳದ ಕಡೆ ಒಂದು ಮದುವೆಗೆ ಇವನನ್ನು ಕರೆದು, ಎದೆ ನಡುಗುವುದಿಲ್ಲ ಅಂತ ಬೀಗರು ಜಗಳ ತೆಗೆದರಂತೆ.

"ಮಾತ ಕೇಳಬೇಕೋ, ಎದಿ ನಡಗಬೇಕೋ?" ಅಂತ ಇವನು ಕೇಳಿದ.

"ಎದೀರಿ."

"ಹಂಗಾದ್ರ ರೋಡ್ ರೋಲರ್ ತರಸ್ರಿ, ನನ್ನ ಯಾಕ ಕರಸೀರಿ?"

ಇಂಥ ಬಾಯಿ ಇದ್ದವನಿಗೆ ಮದುವೆ ಯಾರು ಕೊಡುತ್ತಾರೆ? ಒಂದೊಂದೇ ತಪ್ಪಿದವು. ಸಾಲಿಗಳು ತಮ್ಮದೇ ಬಾಕ್ಸು ತಂದುಕೊಂಡವು. ಉಳಿದದ್ದು ಮಠದ ಶ್ರಾವಣ ಒಂದೇ. ಅಲ್ಲಿ ಮಾತು ಬೇಕಾಗಿತ್ತು. ಅದೂ ಹೋದರೆ ಅವನು ಮೈಕಿನವನಲ್ಲ, ಹೆಂಡತಿ ನೂಲು ಸುತ್ತಿ ಕೊಟ್ಟ ಕಂಡಿಕೆ ಲಾಳಿಗೆ ಹಾಕಿ ಮಂದಿಯ ಮಗ್ಗ ನಡೆಸುವವನು. ಅವನಿಗೂ ಅದು ಗೊತ್ತಿತ್ತು. "ಮಗ್ಗದ ಮುಂದ ನಿಂತ್ರ ಈ ಕಿವಿ ವರ್ಷದಾಗ ತೀರ್ತಾವ ಚಿಗವ್ವಾ" ಅನ್ನುತ್ತಿದ್ದ. ಆಗಲೇ ತೀರಿದ್ದವು. ಅವನಿಗೆ ತಿಳಿದಿರಲಿಲ್ಲ.

ಮೊದಲು ಕಂಡದ್ದು ಕೂಗು. ಮೈಕು ಬಾಕ್ಸಿನ ಎದುರು ಬಂದರೆ ಕುಂಯ್ ಅಂತ ಕೂಗುತ್ತದಲ್ಲ, ಅದು. ಮೊದಲೆಲ್ಲ ಅದು ಹುಟ್ಟುವ ಮೊದಲೇ ಹಾರಿ ಹೋಗಿ ಅಡಗಿಸುತ್ತಿದ್ದ. ಈಗ ಮಂದಿ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಇವನ ಕಡೆ ನೋಡಿದರೆ ಇವನು ವಯರು ಸುತ್ತುತ್ತ ಕೂತಿರುತ್ತಿದ್ದ. ಮಂದಿಯ ಮೋರೆ ನೋಡಿ ಆಮೇಲೆ ಓಡುತ್ತಿದ್ದ. ಬಾಕ್ಸು ಹಳೇವಾದವು ಅಂದುಕೊಂಡೆವು.

ಕೊನೆಯ ಶ್ರಾವಣಕ್ಕೆ ಹಚ್ಚುವ ದಿನ ಎಂದಿನಂತೆ ಹಿಂದೆ ಕೂತೆ. ಬೆನ್ನು ತಿರುಗಿಸಿ ಅಂದ, ತಿರುಗಿ ಕೇಳಿದ.

"ಗುಂಯ್ ಅಂತು" ಅಂದೆ.

ತಿರುವಿದ. ಮತ್ತೆ ಗುಂಯ್. ಮತ್ತೆ ತಿರುವಿದ. ದನಿ ಇನ್ನಷ್ಟು ಹೊಟ್ಟೆಗೆ ಇಳಿಯಿತು, ಮೇಲಿನ ಬಾಕ್ಸಿನಿಂದ ಬರೀ ಚುಚ್ಚುವ ಸಪ್ಪಳ.

"ಹಿಂಗ್ಯಾಕ ಮಾಡಾಕತ್ತೀಯೋ? ಹೊಟ್ಟಿ ಮಾತಾಡಾಕತ್ತೈತಿ."

"ಇಲ್ಲ ಚಿಗವ್ವಾ, ಛಲೋ ಬರಾಕತ್ತೈತಿ. ಇಲ್ಲಿ ತಿಳೀತೈತಿ ನನಗ" ಅಂತ ಎದೆ ಮುಟ್ಟಿ ತೋರಿಸಿದ. "ನಿನ್ನ ಕಿವಿ ಪೂರಾ ಹೋಗ್ಯಾವು. ನೀ ಬಂದು ಮೈಕಿನಾಗ ಮಾತಾಡು, ನಾ ಹಿಂದ ನಿಂತು ಕೇಳತೇನಿ."

ಸರಿ ಅಂತ ಹೋದೆ. ಮಠದ ಕಮಿಟಿಯ ಹಿರಿಯರು ಅಲ್ಲೇ ಮೆಟ್ಟಿಲ ಮೇಲೆ ಕೂತಿದ್ದರು. ಮಠದಲ್ಲಿ ಹಿರಿಯರ ಮುಂದೆ ಬಾಯಿಗೆ ಸೆರಗು ಹಿಡಿದು ಮಾತಾಡುವುದು ನಮ್ಮ ರೂಢಿ. ಹಾಗೇ ಸೆರಗು ಹಿಡಿದು ಮೈಕಿನಲ್ಲಿ ಅಂದೆ, "ನಿನ್ನ ಹೇಣ್ತಿ ಸಿಟ್ಟಾಗಿ ತವರಿಗೆ ಹೊಂಟಾಳೋ."

ಅವನು ಹಿಂದಿನ ಗೋಡೆಯ ಹತ್ತಿರದಿಂದ ಹೆಬ್ಬೆರಳು ಎತ್ತಿದ. "ಛಲೋ ಬಂತು!"

ಹಿರಿಯರು ಹೊಟ್ಟೆ ಹಿಡಿದು ನಕ್ಕರು. "ಹೋಗಲಿ ಬಿಡು ಅಂತಾನ ಮಗ!" ಅಂದರು. ನಾನೂ ನಕ್ಕೆ. ನಗುವುದು ನೋಡಿ ಅವನೂ ನಕ್ಕ. ಅದನ್ನು ನೋಡಿ ನನಗೆ ನಗೆ ನಿಂತಿತು. ಏನು ಅಂತ ತಿಳಿಯದೆ, ಮಂದಿ ನಕ್ಕರು ಅಂತ ನಗುವವರ ಮುಖ ಹೇಗಿರುತ್ತದೆ ಅಂತ ನನಗಿಂತ ಯಾರಿಗೆ ಗೊತ್ತು?

ಸೆರಗು ತೆಗೆಯದೆ ಇನ್ನೊಮ್ಮೆ ಅಂದೆ, ನಿಧಾನವಾಗಿ. "ನಿನ್ನ ಕಿವಿ ಹೋಗ್ಯಾವೋ ತಮ್ಮಾ."

ಮತ್ತೆ ಹೆಬ್ಬೆರಳು ಎತ್ತಿದ.

ನಾನು ಸೆರಗು ಕೆಳಗೆ ಬಿಟ್ಟು ಅವನ ಹತ್ತಿರ ನಡೆದು ಹೋಗಿ, ಬಾಯಿ ಕಾಣುವ ಹಾಗೆ ಕೇಳಿದೆ. "ನಾ ಏನ ಅಂದ್ನಿ?"

ಅವನು ನನ್ನ ತುಟಿ ನೋಡಿದ. ಆಮೇಲೆ ನನ್ನ ಸೆರಗು ನೋಡಿದ. ಎತ್ತಿದ ಬೆರಳು ಹಾಗೇ ಇತ್ತು, ಇಳಿಸುವುದು ಮರೆತಿದ್ದ.

ಮರುದಿನ ಅವನ ಮನೆಗೆ ಹೋದೆ. ಹೆಂಡತಿ ಕಂಡಿಕೆ ಸುತ್ತುತ್ತಿದ್ದಳು. ಅವನು ಗೋಡೆಗೆ ಒರಗಿ ಕೂತಿದ್ದ.

"ಯಾವಾಗಿಂದೋ?" ಅಂತ ಕೇಳಿದೆ.

"ಖರೆ ಹೇಳತೇನಿ ಚಿಗವ್ವಾ, ಗೊತ್ತಿಲ್ಲ. ನೀವು ಎಲ್ಲಾರೂ ಮಾತಾಡಿದ್ದು ನನಗ ಕೇಳತಿತ್ತಲ್ಲ."

"ಕೇಳತಿದ್ದಿಲ್ಲೋ. ಕಾಣತಿತ್ತು."

ಅವನ ಹೆಂಡತಿಯ ರಾಟೆ ನಿಂತಿತು. "ನನಗೂ ಗೊತ್ತಾಗಲಿಲ್ಲಲ್ರಿ" ಅಂದಳು. ಅವಳಿಗೆ ಹೇಗೆ ಗೊತ್ತಾಗಬೇಕು? ಅವಳೂ ಅವನ ತುಟಿ ನೋಡಿಯೇ ಸಂಸಾರ ಮಾಡಿದವಳು. ಬೇರೆ ಊರಲ್ಲಿ ಆಗಿದ್ದರೆ ಕಿವುಡು ಬಂದದ್ದು ವಾರದಲ್ಲಿ ತಿಳಿಯುತ್ತಿತ್ತು. ನಮ್ಮಲ್ಲಿ ಯಾರ ಕಿವಿ ಇದೆ, ಯಾರದು ಹೋಗಿದೆ ಅಂತ ನೋಡುವವರಾರು?

ಜಮಖಂಡಿಯ ಕಿವಿ ಡಾಕ್ಟರ ಹತ್ತಿರ ಹೋದೆವು, ನಾನೂ ಜೊತೆಗೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಚ್ಚಿ, ಸಪ್ಪಳ ಕೇಳಿದಾಗ ಬೆರಳು ಎತ್ತು ಅಂದರು. ಮೊದಮೊದಲು ಟಪಟಪ ಎತ್ತಿದ. ಗಾಜಿನ ಆಚೆಯಿಂದ ನನಗೆ ಕಣ್ಣಲ್ಲೇ ಹೇಳಿದ, ನೋಡು, ಎಲ್ಲ ಕೇಳುತ್ತದೆ ಅಂತ. ಆಮೇಲೆ ಬೆರಳು ತಡವಾಯಿತು. ಆಮೇಲೆ ಕೈ ತೊಡೆಯ ಮೇಲೇ ಉಳಿಯಿತು. ಒಳಗೆ ಇನ್ನೂ ಪರೀಕ್ಷೆ ನಡೆದೇ ಇತ್ತು, ಹುಡುಗಿ ಗುಂಡಿ ಒತ್ತುತ್ತಲೇ ಇದ್ದಳು, ಅವನು ಸಪ್ಪಳ ಬರಲಿ ಅಂತ ಕಾಯುತ್ತ ಕೂತಿದ್ದ.

ನರ ಹೋಗಿದೆ, ವಾಪಸ್ ಬರುವುದಿಲ್ಲ ಅಂದರು ಡಾಕ್ಟರು. ಹೊರಗೆ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ಅವನೇ ಅಂದ, "ಬಾಸ್ ಪೂರಾ ಐತಿ ಚಿಗವ್ವಾ. ಎಲ್ಲಿ ಕೂಡಸತಿದ್ನಲ್ಲ, ಅದರ ಮ್ಯಾಲ ಹೋದಂಗ ಏನೂ ಉಳದಿಲ್ಲ. ಬಾಯೀನ ಇಲ್ಲ." ನೂಲು ತುರುಕಿದ್ದು ಉಪಯೋಗ ಆಗಲಿಲ್ಲವೇನು ಅಂತ ಡಾಕ್ಟರಿಗೆ ಕೇಳಿದ್ದನಂತೆ. ನೂಲಿನಿಂದ ಅಷ್ಟು ಸಪ್ಪಳ ನಿಲ್ಲುವುದಿಲ್ಲ ಅಂದರಂತೆ. ಸಣ್ಣವನಿದ್ದಾಗಿಂದ ಮಗ್ಗದ ಮನೆಯಲ್ಲಿ ಮಲಗಿದವನು, ದೊಡ್ಡವನಾಗಿ ಬಾಕ್ಸಿನ ಮುಂದೆ ನಿಂತವನು. ನೂಲು ಏನು ಮಾಡೀತು?

ಕಿವಿಯ ಮಷಿನ್ನೂ ತಂದರು. ಹಾಕಿಕೊಂಡು ಒಂದು ದಿನ ಕೂತ. ಪಾತ್ರೆ ತೊಳೆದರೆ ಹೌಹಾರುತ್ತಿದ್ದ.

"ಹೆಂಗೈತೋ?" ಅಂದೆ.

"ಇದರಾಗ ಬರೇ ಬಾಯಿ ಐತಿ, ಹೊಟ್ಟೀನ ಇಲ್ಲ. ಇದಕ್ಕ ಗಂಟಲಾ ಕೂಡಿಸಿದವ ಯಾವನೋ ಕುಡದು ಕೂಡಿಸ್ಯಾನ."

ನಕ್ಕೆವು. ಮಷಿನ್ನು ಡಬ್ಬಿಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ.

ನಾನು ಒಂದು ಮಾತು ಹೇಳಿ ನೋಡಿದೆ. "ನಾ ಹಿಂದ ಕುಂತು ಹೇಳತೇನಿ, ನೀ ತಿರುವು. ನನ್ನ ಕಿವಿ ಇಟಗೋ."

"ನಿನಗ ಬೇಕಾದಂಗ ಕೂಡಿಸಿದ್ರ ಮುಂದ ಕುಂತ ಕೂಸಗೋಳ ಕಿವಿ ಹರೀತಾವ" ಅಂದ. "ನಿನಗ ಕೇಳಬೇಕು, ಅವಕ್ಕ ಚುಚ್ಚಬಾರದು. ಅದನ್ನ ನೋಡೋ ಕಿವೀನ ಹೋತಲ್ಲ. ಎರಡು ಅರ್ಧ ಕಿವಿ ಕೂಡಿ ಒಂದು ಆಗೂದಿಲ್ಲ ಚಿಗವ್ವಾ."

ಅವನ ಮಾತು ಖರೆ ಇತ್ತು. ಮುಂದೆ ನಾನು ಅದನ್ನು ಎತ್ತಲಿಲ್ಲ.

ಆ ಶ್ರಾವಣವೇ ಕಮಿಟಿಯವರು ಬೇರೆಯವರನ್ನು ತಂದರು. ಹಿರಿಯರು ತಾವೇ ಮನೆಗೆ ಬಂದು, ಎದುರಿಗೆ ಕೂತು, ಅವನಿಗೆ ಕಾಣುವ ಹಾಗೆ ಬಾಯಿ ಅಗಲಿಸಿ ಹೇಳಿದರು, "ಬ್ಯಾಸರ ಮಾಡಕೋಬ್ಯಾಡಪಾ." ಅವನು ತಲೆ ಆಡಿಸಿದ. ಬಾಕ್ಸುಗಳನ್ನು ಡಿಜೆಯವನೊಬ್ಬ ಬಂದು ಒಯ್ದ. ಹೊಟ್ಟೆ ಎರಡೂ ಟ್ರೇಲರಿಗೆ ಏರಿದವು. ಬಾಯಿ ನನಗೆ ಬೇಡ, ನನ್ನ ಹತ್ತಿರ ಬೇಕಾದಷ್ಟು ಇವೆ ಅಂದನಂತೆ ಅವನು. ಅವು ಇವನ ಹಿತ್ತಲಲ್ಲಿ ಉಳಿದವು, ಒಂದರೊಳಗೆ ಕೋಳಿ ಮೊಟ್ಟೆ ಇಡತೊಡಗಿತು. ಇವನು ಮಗ್ಗದ ಮುಂದೆ ನಿಂತ. ಪ್ರವಚನಕ್ಕೆ ನಾನೂ ಹೋಗುವುದು ಬಿಟ್ಟೆ. ಮತ್ತೆ ಮಂದಿಯ ಮೋರೆ ನೋಡಿ ನಗುವ ವಯಸ್ಸಲ್ಲ ನನ್ನದು.

ಕಿವಿಯ ನೂಲು ಮಾತ್ರ ಅವನು ಬಿಡಲಿಲ್ಲ. "ಇನ್ಯಾಕೋ ಅದು?" ಅಂತ ಒಮ್ಮೆ ಕೇಳಿದೆ. "ಇದ್ದಷ್ಟು ಬಾಸ್ ಆದ್ರೂ ಉಳೀಲಿ" ಅಂದ.

ಹೋದ ವರ್ಷ ಸಕ್ಕರೆ ರೋಗ ಕಾಲಿಗೆ ಬಂತು, ಕಾಲಿನಿಂದ ಮೈಗೆಲ್ಲ ಏರಿತು. ಒಂದು ಮಧ್ಯಾಹ್ನ ಹೋದ. ಹೆಣಕ್ಕೆ ಮೈ ತೊಳೆಯುವಾಗ ಹೆಂಡತಿಯೇ ಕಿವಿಯೊಳಗಿನ ಉಂಡೆ ತೆಗೆದಳು. ನೀಲಿ ನೂಲು. ನೀರಿನ ಜೊತೆ ಗಟಾರಕ್ಕೆ ಹೋಯಿತು. ಓಣಿಯಲ್ಲಿ ಸಾವಾದರೆ ಮಗ್ಗ ನಿಲ್ಲಿಸುವುದು ನಮ್ಮಲ್ಲಿ ಪದ್ಧತಿ. ಎಲ್ಲ ನಿಲ್ಲಿಸಿದರು. ಕರೆಂಟು ಹೋದಾಗಿನ ಹಾಗೆ ಊರು ತಣ್ಣಗಾಯಿತು. ಬ್ಯಾಟರಿ ಹೊತ್ತು ಓಡುವವನು ಮಾತ್ರ ಕಟ್ಟೆಯ ಮೇಲೆ ಗೋಡೆಗೆ ಒರಗಿ, ಹಾರ ಹಾಕಿಸಿಕೊಂಡು ಕೂತಿದ್ದ.

ಭಜನೆಯವರು ಬಂದರು. ಗಾಲಿ ಇರುವ ಒಂದು ಸ್ಪೀಕರು ಎಳೆದು ತಂದಿದ್ದರು, ಅದರ ಮುಂದೆ ಕೆಂಪು ಹಸಿರು ದೀಪ ಮಿಣಮಿಣ ಕುಣಿಯುತ್ತಿದ್ದವು. ಹೆಣ ಎತ್ತುವ ಮೊದಲು ಮಠದ ಹಿರಿಯರು ಮೈಕು ಹಿಡಿದು ಅವನ ಬಗ್ಗೆ ನಾಲ್ಕು ಮಾತು ಆಡಿದರು. ಮಂದಿ ಬಹಳ ಇತ್ತು, ನನಗೆ ಹಿಂದೆಯೇ ಜಾಗ ಸಿಕ್ಕಿತು. ಅವರ ದನಿಯೆಲ್ಲ ಹೊಟ್ಟೆಯೊಳಗಿಂದ ಬಂತು. ಗುಂಯ್ ಅಂತು. ಏನಾದರೂ ಹೊಗಳಿರಬೇಕು. ನನ್ನ ಪಕ್ಕದವರು ತಲೆ ಆಡಿಸಿದರು, ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರೂ ಮಗ್ಗದ ಹೆಂಗಸರೇ. ಅವರಿಗೂ ಏನೂ ಕೇಳಿರಲಿಲ್ಲ, ಅದು ನನಗೆ ಗೊತ್ತು.

ಏನಂದರು ಅಂತ ಹಿಂದಿನ ಸಾಲಿಗೆ ಬಂದು ಕೇಳುವವರು ಯಾರೂ ಇರಲಿಲ್ಲ. ಹಿರಿಯರು ಮೈಕು ಕೆಳಗಿಟ್ಟರು. ಮಂದಿ ಎದ್ದು ನಿಂತಿತು, ನಾನೂ ಎದ್ದೆ. ಅವರು ಕೈ ಮುಗಿದರು, ನಾನೂ ಮುಗಿದೆ.